ಸಂಕಲನದ ಕವಿತೆ ಯಾರ ಹೆಸರಿಗೆ?

ಪ್ರಶ್ನೆ: ಹೊಸ ಕಾವ್ಯದಲ್ಲಿ ಬರುವ ಹಳಗನ್ನಡ ಪದಗಳ ಬಗ್ಗೆ ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ‘ಅಕ್ಷರ ಹೊಸ ಕಾವ್ಯ’ ಸಂಕಲನದ ಎರಡು ಕವಿತೆ, ಕಿಟೆಲ್ ನಿಘಂಟು, ಬೇಲೂರಿನ ಒಂದು ಶಾಸನ ಬಳಸಿದ್ದೇನೆ. ಗ್ರಂಥಋಣದಲ್ಲಿ ಲಂಕೇಶ್, ಕಿಟೆಲ್, ರೈಸ್ (ಶಾಸನಗಳ ಸಂಪಾದಕರು) ಅಂತ ಬರೆದರೆ ಗೈಡ್ ಮೂರಕ್ಕೂ ಕೆಂಪು ಗೆರೆ ಎಳೆದಿದ್ದಾರೆ. ತಪ್ಪೆಲ್ಲಿದೆ?

ಉತ್ತರ: ಲಂಕೇಶರು ಆ ಸಂಕಲನದ ಸಂಪಾದಕರು. ನೀವು ಬಳಸಿದ ಕವಿತೆ ಬೇರೆಯವರದಾದರೆ ಮೊದಲು ಬರಬೇಕಾದ್ದು ಆ ಕವಿಯ ಹೆಸರು. ಹೀಗೆ ಬರೆಯಿರಿ: ಕವಿಯ ಹೆಸರು, ‘ಕವಿತೆಯ ಹೆಸರು’, ಅಕ್ಷರ ಹೊಸ ಕಾವ್ಯ, ಸಂಪಾದಕ: ಪಿ. ಲಂಕೇಶ್, ಪ್ರಕಾಶಕರು, 1970, ಪುಟ. ಎರಡು ಕವಿತೆಗೆ ಎರಡು ನಮೂದು. ಇಡೀ ಸಂಕಲನದ ಬಗ್ಗೆ ಮಾತಾಡುವಾಗ ಮಾತ್ರ ಲಂಕೇಶರ ಹೆಸರು ಮುಂದೆ ಬರುತ್ತದೆ. ಅಂದ ಹಾಗೆ, ‘ಸಂ.’ ಅಂತ ಚಿಕ್ಕದಾಗಿ ಬರೆಯಬೇಡಿ. ಅದು ಸಂಪಾದಕನೂ ಹೌದು, ಸಂಪುಟವೂ ಹೌದು. ಓದುವವರು ಒದ್ದಾಡಬೇಕಾಗುತ್ತದೆ.

ಕಿಟೆಲ್ ವಿಷಯದಲ್ಲಿ ನಾನೂ ಜಾರಿದ್ದೇನೆ. ಕೈಯಲ್ಲಿದ್ದ ಮರುಮುದ್ರಣದ ಇಸವಿಯನ್ನೇ ಸುಮ್ನೆ ಹಾಕಿಬಿಟ್ಟಿದ್ದೆ. ಕಿಟೆಲ್ ತೀರಿಕೊಂಡದ್ದು 1903ರಲ್ಲಿ! ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಮೊದಲ ಮುದ್ರಣದ್ದು, ನೀವು ನೋಡಿದ ಮರುಮುದ್ರಣದ್ದು, ಎರಡೂ ಇಸವಿ ಕೊಡಿ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ, ಮದರಾಸು ವಿಶ್ವವಿದ್ಯಾಲಯದ ನಾಲ್ಕು ಸಂಪುಟ ನೋಡಿದ್ದರೆ ಅವರ ಹೆಸರೂ ಸಂಪುಟದ ಸಂಖ್ಯೆಯೂ ಬೇಕು. ಅಲ್ಲಿ ಹೊಸದಾಗಿ ಸೇರಿದ ಪದವನ್ನು ಕಿಟೆಲ್ ತಲೆಗೆ ಕಟ್ಟಬಾರದು ಅಲ್ವಾ? ಯಾವ ಪದ ನೋಡಿದಿರೋ ಅದನ್ನೂ ಬರೆಯಿರಿ. ಪುಟ ಬಿಟ್ಟರೂ ಅಕಾರಾದಿಯಲ್ಲಿ ಸಿಗುತ್ತದೆ.

ಜಾಸ್ತಿ ಎಡವುವುದು ಶಾಸನದಲ್ಲಿ. ಕರ್ನಾಟಕದ ಶಾಸನಗಳ ಸಂಪುಟಮಾಲೆಯನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 5’ ಅಂತ ಬರೆದರೆ ಯಾವ ಮುದ್ರಣದ್ದು? ರೈಸ್ ಅವರ ಹಳೆಯ ಮುದ್ರಣದಲ್ಲಿ ಅದು ಹಾಸನ ಜಿಲ್ಲೆ, ಬೇಲೂರು ಅದರಲ್ಲೇ ಇದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಮುದ್ರಣದಲ್ಲಿ ಬೇಲೂರು 9ನೇ ಸಂಪುಟಕ್ಕೆ ಹೋಗಿದೆ. ಹೊಸದರಲ್ಲಿ ಓದಿ ರೈಸ್ ಹೆಸರು ಹಾಕಿದರೆ, ಹುಡುಕುವವರು ಬೇರೆ ಜಿಲ್ಲೆಯನ್ನೇ ಸುತ್ತಿ ಬರುತ್ತಾರೆ. ಮುದ್ರಣ, ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಈ ನಾಲ್ಕೂ ಇರಲಿ.

ನೀವು ಬಹುಶಃ ಜೆರಾಕ್ಸ್ ಹಾಳೆಗಳನ್ನು ಇಟ್ಟುಕೊಂಡು ಬರೆಯುತ್ತಿದ್ದೀರಿ. ಅದರಲ್ಲಿ ಶೀರ್ಷಿಕೆ ಪುಟವೇ ಇರುವುದಿಲ್ಲ. ಇನ್ನೊಮ್ಮೆ ಲೈಬ್ರರಿಗೆ ಹೋಗಿ, ಆ ಪುಟದ್ದೂ ಅದರ ಹಿಂಬದಿಯದ್ದೂ ಫೋಟೊ ತೆಗೆದುಕೊಂಡು ಬನ್ನಿ.