ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ ಹಾಕಿಸಿಕೊಂಡರೆ ಪರಿಸರಕ್ಕೆ ನಿಜಕ್ಕೂ ಲಾಭವೇ?

ಬೆಂಗಳೂರಿನ ನಿಮ್ಮ ಬಡಾವಣೆಗೆ ಪೈಪ್ ಗ್ಯಾಸ್ ಬರುತ್ತಿದೆ, ಕರಪತ್ರದಲ್ಲಿ ‘ಪರಿಸರಸ್ನೇಹಿ’ ಎಂದಿದೆ, ನಂಬಬಹುದೇ ಎಂದು ಕೇಳಿದ್ದೀರಿ. ಕರಪತ್ರ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಅಡುಗೆಮನೆಯ ಮಟ್ಟಿಗೆ ಲಾಭ ಸಣ್ಣದು. ಎಲ್‌ಪಿಜಿ ಕೂಡ ಸ್ವಚ್ಛವಾಗಿಯೇ ಉರಿಯುತ್ತದೆ. ಅಷ್ಟೇ ಶಾಖಕ್ಕೆ ಪೈಪ್ ಗ್ಯಾಸ್‌ನಿಂದ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಶೇ 10ರಷ್ಟು ಕಡಿಮೆ. ಸಿಲಿಂಡರ್ ಹೊರುವ ಲಾರಿಗಳ ಡೀಸೆಲ್ ಉಳಿಯುತ್ತದೆ. ಅಲ್ಲಿಗೆ ಮುಗಿಯಿತು.

ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ. ಅದರ ಯೋಗ್ಯತೆ ತಿಳಿಯಬೇಕಾದರೆ ಅದನ್ನು ಕಲ್ಲಿದ್ದಲಿನ ಪಕ್ಕದಲ್ಲಿಟ್ಟು ನೋಡಬೇಕು. ನಾನು ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದರ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡಿದವನು. ನಮ್ಮ ದೇಶದ ಕಲ್ಲಿದ್ದಲು 100 ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿಯೇ ಉಳಿಯುತ್ತದೆ. ದಪ್ಪನೆಯದು ಬಾಯ್ಲರಿನ ತಳಕ್ಕೆ ಬೀಳುತ್ತದೆ, ನುಣ್ಣನೆಯದು ಹೊಗೆಯ ಜೊತೆ ಚಿಮಣಿಯತ್ತ ಹೊರಡುತ್ತದೆ. ಅದನ್ನು ಹಿಡಿಯಲು ವಿದ್ಯುತ್ ಹರಿಸಿದ ತಗಡುಗಳ ಸಾಲು, ತಗಡಿಗೆ ಅಂಟಿದ್ದನ್ನು ಬಡಿದು ಉದುರಿಸಲು ಸುತ್ತಿಗೆಗಳು, ಉದುರಿದ್ದನ್ನು ನೀರಿನಲ್ಲಿ ಕಲಸಿ ಸಾಗಿಸಲು ಪೈಪು, ಪೈಪಿನ ಕೊನೆಗೆ ಎಕರೆಗಟ್ಟಲೆ ಬೂದಿ ಹೊಂಡ. ಅನಿಲದ ಸ್ಥಾವರಕ್ಕೆ ಈ ಸರಂಜಾಮು ಯಾವುದೂ ಬೇಡ. ಬೂದಿಯಿಲ್ಲ, ಪಾದರಸವಿಲ್ಲ ಎನ್ನಬಹುದು, ಗಂಧಕವೂ ಇಲ್ಲದಷ್ಟು ಕಡಿಮೆ. ನೈಟ್ರೋಜನ್ ಆಕ್ಸೈಡ್‌ಗಳು ಮಾತ್ರ ಬರುತ್ತವೆ. ಉರಿ ಇದ್ದಲ್ಲಿ ಅವು ಇದ್ದೇ ಇರುತ್ತವೆ.

2024ರಲ್ಲಿ ಯಲಹಂಕದಲ್ಲಿ ಉದ್ಘಾಟನೆಯಾದ 370 ಮೆಗಾವಾಟ್ ಸ್ಥಾವರ ಈ ಬಗೆಯದು. ಅನಿಲ ಉರಿದು ಒಂದು ಟರ್ಬೈನ್ ತಿರುಗುತ್ತದೆ. ಅದರಿಂದ ಹೊರಬಂದ ಬಿಸಿ ಗಾಳಿಯಿಂದ ಆವಿ ಮಾಡಿ ಇನ್ನೊಂದನ್ನು ತಿರುಗಿಸುತ್ತಾರೆ. ಇಂಥ ಕಡೆ ಒಂದು ಯೂನಿಟ್ ವಿದ್ಯುತ್ತಿಗೆ ಇಂಗಾಲದ ಡೈಆಕ್ಸೈಡ್ ಸುಮಾರು 400 ಗ್ರಾಂ. ಕಲ್ಲಿದ್ದಲಿನಲ್ಲಿ ಹತ್ತಿರ ಹತ್ತಿರ ಒಂದು ಕಿಲೋ. ತಣ್ಣಗಾದ ಕಲ್ಲಿದ್ದಲು ಬಾಯ್ಲರನ್ನು ಮತ್ತೆ ಹೊತ್ತಿಸಿ ದಾರಿಗೆ ತರುವಷ್ಟರಲ್ಲಿ ಒಂದು ಪಾಳಿ ಕಳೆದಿರುತ್ತದೆ. ಗ್ಯಾಸ್ ಟರ್ಬೈನ್ ಬೇಗ ಏಳುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಸಂಜೆ ಕೈಬಿಟ್ಟಾಗ ಇಂಥದೊಂದು ಬೇಕಾಗುತ್ತದೆ. ತೊಡಕೆಂದರೆ ಬೆಲೆ. ಅನಿಲ ದುಬಾರಿಯಾದ್ದರಿಂದ ದೇಶದ ಗ್ಯಾಸ್ ಸ್ಥಾವರಗಳಲ್ಲಿ ಬಹುಪಾಲು ವರ್ಷದ ಹೆಚ್ಚಿನ ದಿನ ಸುಮ್ಮನೆ ಕುಳಿತಿರುತ್ತವೆ.

ದೆಹಲಿಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. 1998ರಲ್ಲಿ ಸುಪ್ರೀಂ ಕೋರ್ಟ್ ನಗರದ ಬಸ್ಸುಗಳೆಲ್ಲ ಸಿಎನ್‌ಜಿಗೆ, ಅಂದರೆ ಒತ್ತಡದಲ್ಲಿ ತುಂಬಿದ ಇದೇ ಅನಿಲಕ್ಕೆ, ಬದಲಾಗಬೇಕೆಂದಿತು, 2002ರ ಕೊನೆಯ ಹೊತ್ತಿಗೆ ಅದು ಆಯಿತು. ಬಸ್ಸಿನ ಹಿಂದಿನ ಕರಿಹೊಗೆ ಹೋದದ್ದು ದೊಡ್ಡ ಗೆಲುವೇ. ಆದರೆ ಗೆದ್ದದ್ದು ಶ್ವಾಸಕೋಶ. ಹವಾಮಾನದ ಲೆಕ್ಕದಲ್ಲಿ ಡೀಸೆಲ್ ಬಸ್ಸಿಗೂ ಸಿಎನ್‌ಜಿ ಬಸ್ಸಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ.

ಇನ್ನು ಕರಪತ್ರಗಳು ಬಾಯಿಬಿಡದ ವಿಷಯ. ನೈಸರ್ಗಿಕ ಅನಿಲವೆಂದರೆ ಬಹುತೇಕ ಮೀಥೇನ್. ಉರಿದರೆ ಸರಿ, ಉರಿಯದೆ ಸೋರಿದರೆ, 20 ವರ್ಷಗಳ ಅವಧಿಯಲ್ಲಿ ಅದು ಭೂಮಿಯನ್ನು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಬಾವಿಯಿಂದ ಬರ್ನರ್‌ವರೆಗಿನ ದಾರಿಯಲ್ಲಿ ನೂರಕ್ಕೆ ಕೆಲವೇ ಪಾಲು ಸೋರಿದರೂ ಕಲ್ಲಿದ್ದಲಿನ ಮುಂದೆ ಅನಿಲಕ್ಕಿರುವ ಮೇಲುಗೈ ಕರಗಿಹೋಗುತ್ತದೆ. ನಾವು ಬಳಸುವುದರಲ್ಲಿ ಹೆಚ್ಚುಕಡಿಮೆ ಅರ್ಧ ಹಡಗಿನಲ್ಲಿ ಬರುವಂಥದ್ದು. ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡುವುದಕ್ಕೂ ಅನಿಲವೇ ಖರ್ಚಾಗುತ್ತದೆ. ಈ ಖರ್ಚು ನಿಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಸಂಪರ್ಕ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ. ಬುಕಿಂಗ್ ಗೋಳು ತಪ್ಪುತ್ತದೆ, ಮೀಥೇನ್ ಗಾಳಿಗಿಂತ ಹಗುರವಾದ್ದರಿಂದ ಸೋರಿದರೆ ಎಲ್‌ಪಿಜಿಯಂತೆ ನೆಲದ ಮೇಲೆ ಮಡುಗಟ್ಟದೆ ಮೇಲೇರುತ್ತದೆ. ಮೇಲಿನ ವೆಂಟಿಲೇಟರ್ ಮುಚ್ಚಿಸಬೇಡಿ. ಸ್ಟವ್‌ಗೆ ದೊಡ್ಡ ರಂಧ್ರದ ಜೆಟ್ ಹಾಕಿಕೊಡುತ್ತಾರೆ. ಆಮೇಲೂ ಉರಿ ಹಳದಿಯಾಗಿದ್ದು ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಮತ್ತೆ ಕರೆಸಿ ಸರಿಮಾಡಿಸಿ. ಪೈಪು ಮನೆಯೊಳಗೆ ಬಂದಿದೆಯಲ್ಲ ಎಂದು ಛಾವಣಿಯ ಸೋಲಾರ್ ಕಿತ್ತು ಗ್ಯಾಸ್ ಗೀಸರ್ ಹಾಕಿಸಬೇಡಿ. ಅಡುಗೆಯಲ್ಲಿ ಉಳಿಸಿದ ಆ ಶೇ 10 ಸ್ನಾನದ ನೀರಿನಲ್ಲೇ ಹೋಗುತ್ತದೆ.