ಹಗಲು ಕಡಲಿನಿಂದ, ರಾತ್ರಿ ನೆಲದಿಂದ: ಗಾಳಿ ಬೀಸುವುದೇಕೆ?

ಅಕ್ಕಾ, ಕುಂದಾಪುರದ ನಿಮ್ಮ ತೋಟಕ್ಕೆ ಮಧ್ಯಾಹ್ನ ಪಡುವಣದಿಂದ ಬರುವ ಗಾಳಿ ರಾತ್ರಿ ಮೂಡಣದಿಂದ ಬೀಸುವುದೇಕೆ ಎಂದು ಏಳನೇ ತರಗತಿಯ ಮಗಳು ಕೇಳಿದ್ದಾಳೆ, ಸಿಂಪಡಣೆಗೆ ಯಾವ ಹೊತ್ತು ಒಳ್ಳೆಯದೆಂದು ನೀವು ಕೇಳಿದ್ದೀರಿ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಬಿಸಿಲು ನೆಲಕ್ಕೂ ಕಡಲಿಗೂ ಒಂದೇ ಸಮ ಬೀಳುತ್ತದೆ. ಆದರೆ ಒಂದು ಕಿಲೋ ಒಣ ಮರಳನ್ನು ಒಂದು ಡಿಗ್ರಿ ಬಿಸಿ ಮಾಡುವುದಕ್ಕಿಂತ ಒಂದು ಕಿಲೋ ನೀರಿಗೆ ಸುಮಾರು 5 ಪಟ್ಟು ಶಾಖ ಬೇಕು. ಮೇಲಾಗಿ ಬಿಸಿಲು ನೀರಿನ ಆಳಕ್ಕೆ ಇಳಿಯುತ್ತದೆ, ಅಲೆಗಳು ಅದನ್ನು ಕಲಕುತ್ತವೆ. ಏಪ್ರಿಲ್ ಮಧ್ಯಾಹ್ನ ಮಲ್ಪೆಯ ಮರಳಿನಲ್ಲಿ ಬರಿಗಾಲಿಟ್ಟರೆ ಪಾದ ಸುಡುತ್ತದೆ. ನಾಲ್ಕು ಹೆಜ್ಜೆ ಆಚೆ ನೀರು ಹಿತವಾಗಿರುತ್ತದೆ.

ಕಾದ ನೆಲದ ಮೇಲಿನ ಗಾಳಿ ಹಿಗ್ಗಿ ಹಗುರಾಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಕಡಲ ಮೇಲಿನ ತಂಪು ಗಾಳಿಯ ಒತ್ತಡ ಹೆಚ್ಚು. ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಗಾಳಿ ಹರಿಯುತ್ತದೆ. ಅದೇ ಕಡಲ ಗಾಳಿ. ‘ಬಿಸಿ ಗಾಳಿ ಮೇಲೇರುತ್ತದೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಭಾರವಾದ ತಂಪು ಗಾಳಿ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ ಎಂಬುದನ್ನೂ ಹೇಳಿ. ರಾತ್ರಿ ನೆಲ ಬೇಗ ಆರುತ್ತದೆ, ನೀರು ಬೆಚ್ಚಗೇ ಉಳಿಯುತ್ತದೆ, ದಿಕ್ಕು ತಿರುಗುತ್ತದೆ. ಹಿಂದೆ ಹಾಯಿದೋಣಿಯವರು ನಸುಕಿನ ನೆಲಗಾಳಿ ಹಿಡಿದು ಕಡಲಿಗಿಳಿದು, ಮಧ್ಯಾಹ್ನದ ಕಡಲ ಗಾಳಿಯಲ್ಲಿ ದಡ ಸೇರುತ್ತಿದ್ದರು.

ಮಗಳಿಗೆ ಇದನ್ನು ಮನೆಯಲ್ಲೇ ತೋರಿಸಿ. ಅಡುಗೆ ಮುಗಿದ ಕೂಡಲೇ ಫ್ಯಾನ್ ಆರಿಸಿ, ಕಿಟಕಿಗಳನ್ನು ಮುಚ್ಚಿ, ಅಡುಗೆಮನೆಯ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಡಿ. ಊದುಬತ್ತಿಯನ್ನು ಹೊಸ್ತಿಲ ಬಳಿ ಹಿಡಿದರೆ ಹೊಗೆ ಒಳಕ್ಕೆ ಬಾಗುತ್ತದೆ, ಬಾಗಿಲಿನ ಮೇಲ್ತುದಿಗೆ ಹಿಡಿದರೆ ಹೊರಕ್ಕೆ. ಪಕ್ಕದ ಕೋಣೆ ತಂಪಾಗಿದ್ದಷ್ಟೂ ಚೆನ್ನಾಗಿ ಕಾಣುತ್ತದೆ.

ಮುಂಗಾರಿನ ಮೂಲದಲ್ಲೂ ಇದೇ ಇದೆ, ಅಳತೆ ಮಾತ್ರ ದೊಡ್ಡದು. ಬೇಸಿಗೆಯಲ್ಲಿ ರಾಜಸ್ಥಾನ, ಪಾಕಿಸ್ತಾನದ ಮರುಭೂಮಿ ಕಾದು ಅಲ್ಲಿ ಒತ್ತಡ ಕುಸಿಯುತ್ತದೆ. ಸಮಭಾಜಕ ವೃತ್ತ ದಾಟಿ ಬರುವ ಕಡಲ ಗಾಳಿ ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಹೊರಳಿ ನೈಋತ್ಯ ಮಾರುತವಾಗುತ್ತದೆ. ಆಷಾಢದಲ್ಲಿ ಚಿತ್ರದುರ್ಗ, ಗದಗದ ಗುಡ್ಡಗಳ ಗಾಳಿಯಂತ್ರಗಳನ್ನು ಬಿಡುವಿಲ್ಲದೆ ತಿರುಗಿಸುವುದು ಅದೇ.

ಇನ್ನು ಸಿಂಪಡಣೆ. ನೆಲಗಾಳಿ ನಿಂತು ಕಡಲ ಗಾಳಿ ಏಳುವ ನಡುವೆ, ಬೆಳಗ್ಗೆ, ಸ್ವಲ್ಪ ಹೊತ್ತು ಬಾಳೆ ಎಲೆಯೂ ಅಲುಗುವುದಿಲ್ಲ. ಔಷಧಿ ಆಗ ಹೊಡೆದರೆ ಪಕ್ಕದ ತೋಟಕ್ಕೆ ಹಾರುವುದು ಕಡಿಮೆ. ಮಳೆಗಾಲದಲ್ಲಿ ಈ ಲೆಕ್ಕ ಹಿಡಿಯಬೇಡಿ. ಮುಂಗಾರಿನ ಗಾಳಿ ಹಗಲು ರಾತ್ರಿಯ ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ.