ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ಬಡ್ತಿ ಸಿಕ್ಕಿ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ಶಾಲೆಗೆ ಕಂಪ್ಯೂಟರ್, ಪ್ರೊಜೆಕ್ಟರ್, ಸ್ಮಾರ್ಟ್ ಟಿವಿ ಬಂದಿವೆ. ನನಗೆ ವಾಟ್ಸಾಪ್ ಬಿಟ್ಟರೆ ಹೆಚ್ಚೇನೂ ಬಾರದು. ಕಿರಿಯ ಶಿಕ್ಷಕರ ಮುಂದೆ ಸಂಕೋಚ. ಏನಾದರೂ ಕೆಟ್ಟರೆ ನನ್ನ ತಲೆಗೆ ಬರುತ್ತದೆಂಬ ಹೆದರಿಕೆ ಬೇರೆ. ಯಾವ ಕೋರ್ಸ್ ಸೇರಲಿ?
– ಒಬ್ಬ ಮುಖ್ಯ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ಮೇಡಂ, ಕೋರ್ಸಿನ ಮಾತು ಆಮೇಲೆ. ಮೊದಲು ಆ ಹೆದರಿಕೆಯನ್ನು ನೋಡೋಣ. ಚಾರ್ಜ್ ತೆಗೆದುಕೊಳ್ಳುವಾಗ ಸ್ಟಾಕ್ ರಿಜಿಸ್ಟರಿಗೆ ಸಹಿ ಹಾಕಿದವರು ನೀವು. ಒಂದು ಮೌಸ್ ಕಾಣೆಯಾದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ನೀವೇ. ಬೀಗ ಹಾಕಿಡುವುದೇ ಕ್ಷೇಮ ಅನ್ನಿಸಿದರೆ ಅದರಲ್ಲಿ ನಿಮ್ಮ ತಪ್ಪಿಲ್ಲ.

ಪೆರು ದೇಶದಲ್ಲೂ ಇದೇ ಆಯಿತು. ಅಲ್ಲಿನ ಸರ್ಕಾರ ಶಾಲೆಗಳಿಗೆ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಟ್ಟಿತು. 319 ಹಳ್ಳಿ ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಬಂತು: ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿರಲಿಲ್ಲ. ಮನೆಗೂ ಒಯ್ಯಲೆಂದೇ ಕೊಟ್ಟಿದ್ದ ಲ್ಯಾಪ್‌ಟಾಪನ್ನು ಮನೆಗೆ ಒಯ್ದ ಮಕ್ಕಳು ಶೇ 40ರಷ್ಟು ಮಾತ್ರ. ಕೆಟ್ಟರೆ, ಕಳೆದರೆ ಬದಲಿ ಸಿಗುವುದಿಲ್ಲ ಎಂಬ ಅಳುಕು ಅದಕ್ಕೊಂದು ಕಾರಣ.

ಆದ್ದರಿಂದ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಈ ವಿಷಯ ಇಡಿ. ಉಪಕರಣಗಳನ್ನು ಪಾಠಕ್ಕೆ ಬಳಸುತ್ತೇವೆ, ಬಳಕೆಯಲ್ಲಿ ಕೆಟ್ಟದ್ದನ್ನು ಹೀಗೆ ರಿಪೇರಿ ಮಾಡಿಸುತ್ತೇವೆ ಎಂದು ನಡಾವಳಿಯಲ್ಲಿ ಬರೆಸಿ. ಲ್ಯಾಬಿನ ಬಾಗಿಲಲ್ಲೇ ಒಂದು ಬಳಕೆ ವಹಿ ಇರಲಿ: ದಿನಾಂಕ, ಪೀರಿಯಡ್, ತರಗತಿ, ಶಿಕ್ಷಕರ ಸಹಿ, ಕಂಡ ದೋಷ. ವಾರಂಟಿ, ನಿರ್ವಹಣೆ ಯಾರದು ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಬರೆದು ಉತ್ತರವನ್ನು ಫೈಲಿಗೆ ಹಾಕಿ. ಆಮೇಲೆ ಒಂದು ಕೀ ಶಿಕ್ಷಕರ ಕೈಗೆ ಕೊಡಿ, ವೇಳಾಪಟ್ಟಿಯಲ್ಲಿ ಲ್ಯಾಬಿಗೆ ಪೀರಿಯಡ್ ಹಾಕಿ.

ಇನ್ನು ಸಂಕೋಚ. ಎಂಟನೇ ತರಗತಿಯ ಗಣಿತದ ಪೀರಿಯಡ್‌ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಶಿಕ್ಷಕರು ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ತ್ರಿಭುಜ ಬಿಡಿಸಿ ಒಂದು ಶೃಂಗವನ್ನು ಎಳೆಯುತ್ತಾರೆ. ಕೋನಗಳು ಬದಲಾಗುತ್ತವೆ, ಮೊತ್ತ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಳೆಯುವ ಮೊದಲು “ಮೊತ್ತ ಏನಾಗಬಹುದು?” ಎಂದು ಮಕ್ಕಳನ್ನು ಕೇಳಿದರೇ, ಇಲ್ಲ ಸುಮ್ಮನೆ ತೋರಿಸಿ ಮುಗಿಸಿದರೇ? ಅದನ್ನು ಗುರುತಿಸಲು ಸಾಫ್ಟ್‌ವೇರ್ ಬರಬೇಕಿಲ್ಲ, ನಿಮ್ಮಷ್ಟು ವರ್ಷ ಪಾಠ ಮಾಡಿದ ಅನುಭವ ಸಾಕು. ಇಡೀ ಪೀರಿಯಡ್ ವಿಡಿಯೊ ಹಾಕಿ ಕೂರುವುದನ್ನು ಪ್ರೀತಿಯಿಂದಲೇ ನಿಲ್ಲಿಸಿ.

ಕೋರ್ಸ್‌ಗಳಿವೆ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಶಿಕ್ಷಕರಿಗಾಗಿ ನಿಷ್ಠಾ ತರಬೇತಿ ಇದೆ. 2012ರಲ್ಲಿ ಶುರುವಾದ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಮುಖ್ಯ ಶಿಕ್ಷಕರಿಗೆಂದೇ ಪಾಠಗಳನ್ನು ರೂಪಿಸಿದೆ. ಒಬ್ಬರೇ ಮಾಡಬೇಡಿ, ಇಬ್ಬರು ಶಿಕ್ಷಕರನ್ನು ಜೊತೆಗೆ ಕೂರಿಸಿಕೊಳ್ಳಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಕಂಪ್ಯೂಟರ್ ಬಲ್ಲ ಕಿರಿಯ ಶಿಕ್ಷಕರ ಮೇಲೆ ಸ್ಯಾಟ್ಸ್, ಯುಡೈಸ್‌ನಂಥ ಸರ್ಕಾರಿ ತಂತ್ರಾಂಶಗಳಿಗೆ ಮಕ್ಕಳ, ಶಾಲೆಯ ಮಾಹಿತಿ ತುಂಬುವ ಎಂಟ್ರಿಯೆಲ್ಲ ಬಿದ್ದು, ಲ್ಯಾಬಿನಲ್ಲಿ ಇರಬೇಕಾದವರು ಆಫೀಸಿನಲ್ಲಿ ಕೂರುವುದು ಎಷ್ಟೋ ಶಾಲೆಗಳ ಕಥೆ. ಆ ಕೆಲಸವನ್ನು ಎಲ್ಲರಿಗೂ ಹಂಚಿ. ನಿಮ್ಮ ಪಾಲಿಗೂ ಒಂದು ತರಗತಿಯ ಎಂಟ್ರಿ ಇಟ್ಟುಕೊಳ್ಳಿ, ಆ ಕಿರಿಯರಿಂದಲೇ ಹೇಳಿಸಿಕೊಂಡು ಮಾಡಿ. ಕಂಪ್ಯೂಟರೂ ಕೈಗೆ ಹತ್ತುತ್ತದೆ, ಸಂಕೋಚವೂ ಕರಗುತ್ತದೆ.